ದಾನುಮ್ ಕಣಿವೆಯಲ್ಲೊಂದು ಹುಟ್ಟುಹಬ್ಬ: ಬೋರ್ನಿಯೋದ ಮಳೆಕಾಡಿಗೆ ಹೊರಡುವವರಿಗೆ ಮಾರ್ಗದರ್ಶಿ

ಐವತ್ತೋ ಅರವತ್ತೋ ತುಂಬುವ ವರ್ಷ ಕಲ್ಯಾಣಮಂಟಪ, ಶಾಮಿಯಾನ, ನೂರಾರು ಜನರ ಊಟ ಯಾವುದೂ ಬೇಡ, ನಾಲ್ಕು ದಿನ ದೂರದ ಕಾಡಿನಲ್ಲಿ ಇದ್ದು ಬರೋಣ ಎನ್ನುವವರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಅಂಥವರಿಗಾಗಿ, ಮತ್ತು ಅಂಥ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೊರಡುವ ಮಕ್ಕಳಿಗಾಗಿ ಈ ಲೇಖನ. ಬೆಂಗಳೂರಿನಿಂದ ತೀರಾ ತ್ರಾಸವಿಲ್ಲದೆ ತಲುಪಬಹುದಾದ, ಆದರೂ ನಿಜಕ್ಕೂ ದೂರವೇ ಆಗಿರುವ ಒಂದು ಮಳೆಕಾಡನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಅದು ಬೋರ್ನಿಯೋ ದ್ವೀಪದಲ್ಲಿ, ಮಲೇಷ್ಯಾದ ಸಬಾ ರಾಜ್ಯದಲ್ಲಿರುವ ದಾನುಮ್ ಕಣಿವೆ. ಸುತ್ತಲಿನ ಕಾಡನ್ನು ಮರದ ಉದ್ಯಮ ವರ್ಷದಿಂದ ವರ್ಷಕ್ಕೆ ಕಡಿದು ಸಾಗಿಸುತ್ತಿದ್ದ ಕಾಲದಲ್ಲಿ ರಾಜ್ಯ ಸರ್ಕಾರದ ಅಂಗಸಂಸ್ಥೆಯಾದ ಸಬಾ ಫೌಂಡೇಶನ್ ತನ್ನ ಅಧೀನದ ಕಾಡಿನಲ್ಲಿ 438 ಚದರ ಕಿಲೋಮೀಟರಿನಷ್ಟನ್ನು ಮುಟ್ಟದೆ ಉಳಿಸಿತು. 1986ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು, 1994ರಲ್ಲಿ ಪ್ರವಾಸಿಗರ ವಸತಿಗೃಹ ತೆರೆಯಿತು, 1995ರಲ್ಲಿ ಕಾಡಿಗೆ ಮೊದಲ ದರ್ಜೆಯ ಕಾನೂನು ರಕ್ಷಣೆ ದೊರೆಯಿತು. ಈ ಕಣಿವೆಯ ಒಂದು ಹಳದಿ ಮೆರಾಂತಿ ಮರವನ್ನು 2019ರಲ್ಲಿ ಸ್ಥಳೀಯ ಮರ ಹತ್ತುವವರೊಬ್ಬರು ತುದಿಯವರೆಗೆ ಏರಿ ಟೇಪು ಹಿಡಿದು ಅಳೆದಾಗ ಅದರ ಎತ್ತರ 100.8 ಮೀಟರ್ ಎಂದು ತಿಳಿಯಿತು. ನಮ್ಮ ಪಶ್ಚಿಮಘಟ್ಟದ ಧೂಪದ ಮರವೂ ಇದೇ ಡಿಪ್ಟರೊಕಾರ್ಪ್ ಕುಟುಂಬಕ್ಕೆ ಸೇರಿದ್ದು. ಹಾಗಾಗಿ ಮಲೆನಾಡಿನವರಿಗೆ ಆ ಕಾಡು ಪೂರ್ತಿ ಅಪರಿಚಿತವೆನಿಸುವುದಿಲ್ಲ, ಎತ್ತರ ಮಾತ್ರ ದಂಗುಬಡಿಸುತ್ತದೆ.

ಮುಂದಿನ ಸಲಹೆಗಳಿಗೆಲ್ಲ ಆಧಾರವಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟುಹಬ್ಬ ತಾರೀಖಿಗೆ ಕಟ್ಟಿಬಿದ್ದ ಸಂಗತಿ. ಮಳೆಕಾಡಿನ ರಸ್ತೆ, ಮಳೆ, ಪ್ರಾಣಿಗಳು ಯಾವುವೂ ತಾರೀಖು ನೋಡುವುದಿಲ್ಲ. ಆದ್ದರಿಂದ ಆ ದಿನದ ಹಿಂದೆ ಒಂದು ದಿನ, ಮುಂದೆ ಒಂದು ದಿನ ಬಿಡುವು ಇಟ್ಟುಕೊಂಡು, ಆ ದಿನದ ಮೇಲೆ ಮಾತ್ರ ಆದಷ್ಟು ಕಡಿಮೆ ಹೊರೆ ಹೊರಿಸುವುದೇ ಇಡೀ ಯೋಜನೆಯ ಗುಟ್ಟು.

ಮೊದಲ ಹೆಜ್ಜೆ: ಯಾವ ಹುಟ್ಟುಹಬ್ಬ, ಯಾವ ತಿಂಗಳು

ನಮ್ಮ ಹಿರಿಯರಲ್ಲಿ ಹಲವರಿಗೆ ಎರಡು ಹುಟ್ಟುಹಬ್ಬಗಳಿವೆ. ತಿಥಿ ನಕ್ಷತ್ರದ ಪ್ರಕಾರ ಮನೆಯಲ್ಲಿ ಆಚರಿಸುವುದು ಒಂದಾದರೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಇನ್ನೊಂದು. ಜೂನ್ 1ರಂದು ಹುಟ್ಟಿದವರು ಕರ್ನಾಟಕದಲ್ಲಿ ಎಷ್ಟು ಜನರಿದ್ದಾರೆಂಬುದು ಯಾವ ಬ್ಯಾಂಕಿನ ಗುಮಾಸ್ತರಿಗೂ ಗೊತ್ತು. ಪ್ರವಾಸದ ಮಟ್ಟಿಗೆ ಇದು ಅನುಕೂಲವೇ. ಎರಡರಲ್ಲಿ ಹವಾಮಾನಕ್ಕೂ ರಜೆಗೂ ಹೊಂದುವ ದಿನವನ್ನು ಕಾಡಿಗೆ ಇಟ್ಟುಕೊಂಡು, ಪೂಜೆ, ಶಾಂತಿ, ಬಂಧುಗಳ ಊಟವನ್ನು ಇನ್ನೊಂದಕ್ಕೆ ಬಿಡಬಹುದು. ಅರವತ್ತರ ಶಾಂತಿಯನ್ನು ಕಾಡಿನ ವಸತಿಗೃಹದಲ್ಲಿ ಮಾಡಿಸುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಕೈಬಿಡಿ. ಹೋಮಕ್ಕೆ ಅಲ್ಲಿ ಜಾಗವಿಲ್ಲ, ಮರದ ಕಟ್ಟಡಗಳಲ್ಲಿ ಬೆಂಕಿಗೆ ಯಾರೂ ಒಪ್ಪುವುದಿಲ್ಲ.

ದಾನುಮ್‌ನಲ್ಲಿ ವರ್ಷಕ್ಕೆ ಸುಮಾರು 2,800 ಮಿಲಿಮೀಟರ್ ಮಳೆ ಬೀಳುತ್ತದೆ. ಆಗುಂಬೆಯ ಲೆಕ್ಕದಲ್ಲಿ ಇದು ಅರ್ಧವೂ ಅಲ್ಲ. ವ್ಯತ್ಯಾಸವಿರುವುದು ಹಂಚಿಕೆಯಲ್ಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿದು, ಮಾರ್ಚ್ ಹೊತ್ತಿಗೆ ತರಗೆಲೆ ಚರಪರ ಎನ್ನುವಷ್ಟು ಒಣಗುತ್ತದೆ. ಅಲ್ಲಿ ಪೂರ್ತಿ ಒಣಗುವ ತಿಂಗಳೆಂಬುದೇ ಇಲ್ಲ. ಈಶಾನ್ಯ ಮಾರುತದ ಕಾಲದಲ್ಲಿ, ಅಂದರೆ ಸುಮಾರಾಗಿ ನವೆಂಬರ್‌ನಿಂದ ಫೆಬ್ರವರಿ ತನಕ ಮಳೆ ಜೋರು, ಕಾಡಿನ ರಸ್ತೆ ಕೆಡುವ ಸಂಭವವೂ ಹೆಚ್ಚು. ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಹೋಲಿಕೆಯಲ್ಲಿ ಮೇಲು. ನಮ್ಮ ಶಾಲೆಗಳ ಏಪ್ರಿಲ್, ಮೇ ರಜೆ ಇದಕ್ಕೆ ಸರಿಹೊಂದುತ್ತದೆ. ದಸರಾ ರಜೆಯಲ್ಲಿ ಹೋಗುವವರು ಒಂದು ವಿಷಯ ಗಮನಿಸಬೇಕು: ಪೆಸಿಫಿಕ್ ಸಾಗರ ಬಿಸಿಯೇರಿ ಆ ಕಡೆ ಮಳೆ ಕೈಕೊಡುವ ಎಲ್ ನಿನ್ಯೋ ಪ್ರಭಾವವಿರುವ ವರ್ಷಗಳಲ್ಲಿ ಇಂಡೋನೇಷ್ಯಾದ ಭಾಗದ ಬೋರ್ನಿಯೋದಲ್ಲಿ ಬೀಳುವ ಬೆಂಕಿಯ ಹೊಗೆ ಆಗಸ್ಟ್‌ನಿಂದ ಅಕ್ಟೋಬರ್ ತನಕ ಆ ದ್ವೀಪದ ಆಕಾಶವನ್ನು ಮಬ್ಬು ಮಾಡುವುದುಂಟು, 2015ರಲ್ಲಿ ಅದು ತೀರಾ ವಿಪರೀತವಾಗಿತ್ತು. ಉಬ್ಬಸ ಇರುವವರು ಅಂಥ ವರ್ಷ ಬೇರೆ ತಿಂಗಳು ನೋಡುವುದು ಒಳ್ಳೆಯದು. ಹುಟ್ಟಿದ್ದೇ ಡಿಸೆಂಬರಿನಲ್ಲಿ, ಅದೇ ದಿನ ಆಗಬೇಕು ಎನ್ನುವವರೂ ಹೋಗಿಬರಬಹುದು, ಇರುವ ದಿನಗಳಿಗೆ ಒಂದನ್ನು ಸೇರಿಸಿಕೊಂಡರಾಯಿತು.

ಎರಡನೆಯ ಹೆಜ್ಜೆ: ಉಳಿಯುವ ಜಾಗ

ದಾನುಮ್ ಒಳಗೆ ಮುಖ್ಯವಾಗಿ ಎರಡು ಆಯ್ಕೆಗಳಿವೆ. ದಾನುಮ್ ನದಿಯ ತಿರುವಿನಲ್ಲಿರುವ ಬೋರ್ನಿಯೋ ರೈನ್‌ಫಾರೆಸ್ಟ್ ಲಾಡ್ಜ್ ಪ್ರವಾಸಿಗರಿಗೆಂದೇ ಕಟ್ಟಿದ್ದು. ಬಿಡಿಬಿಡಿ ಮರದ ಮನೆಗಳು, ಊಟ, ಮಾರ್ಗದರ್ಶಿ, ಕರೆದೊಯ್ಯುವ ವಾಹನ ಎಲ್ಲ ಸೇರಿದ ಒಂದೇ ದರ. ಆ ದರ ತಲೆಗೆ ಹಲವು ಸಾವಿರ ರಿಂಗಿಟ್ (ಮಲೇಷ್ಯಾದ ಹಣ) ಆಗುತ್ತದೆ, ಅಗ್ಗವೆಂದು ಯಾರೂ ಹೇಳಲಾರರು. ಇನ್ನೊಂದು ದಾನುಮ್ ವ್ಯಾಲಿ ಫೀಲ್ಡ್ ಸೆಂಟರ್. ಮೂಲತಃ ಸಂಶೋಧಕರ ಠಾಣೆಯಾದ ಇಲ್ಲಿ ಪ್ರವಾಸಿಗರಿಗೆ ಸರಳ ಕೋಣೆಗಳೂ ಸಾಲು ಮಂಚದ ಹಾಸ್ಟೆಲ್ಲೂ ದೊರೆಯುತ್ತವೆ. ಇದಕ್ಕೆ ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು, ಖರ್ಚು ಎಷ್ಟೋ ಕಡಿಮೆ, ಸೌಕರ್ಯವೂ ಅಷ್ಟೇ ಕಡಿಮೆ.

ಹುಟ್ಟುಹಬ್ಬದವರಿಗೆ ಅರವತ್ತು ದಾಟಿದ್ದರೆ, ಮಂಡಿನೋವಿದ್ದರೆ, ಮಧ್ಯರಾತ್ರಿ ಎದ್ದು ಬೇರೆ ಕಟ್ಟಡದ ಶೌಚಾಲಯಕ್ಕೆ ಹೋಗುವುದು ಕಷ್ಟವೆಂದಾದರೆ ಎರಡನೆಯ ಮಾತಿಲ್ಲದೆ ಮೊದಲನೆಯದನ್ನು ಆರಿಸಿಕೊಳ್ಳಿ. ದುಡ್ಡು ಉಳಿಸಬೇಕೆಂದರೆ ರಾತ್ರಿಗಳನ್ನು ಕಡಿಮೆ ಮಾಡಬಹುದು ಎಂದು ತೋರುತ್ತದೆ, ಆದರೆ ಎರಡೇ ರಾತ್ರಿಗೆ ಹೋದರೆ ನಡುವೆ ಸಿಗುವುದು ಒಂದೇ ಪೂರ್ತಿ ದಿನ, ಆ ದಿನ ಮಳೆ ಹಿಡಿದರೆ ಮುಗಿಯಿತು. ಮೂರು ರಾತ್ರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಕ್ಕಿ ನೋಡುವ ಹುಚ್ಚಿರುವ ಮೂವತ್ತರ ಯುವಕ ಯುವತಿಯರಿಗೆ ಫೀಲ್ಡ್ ಸೆಂಟರೇ ಹೆಚ್ಚು ಇಷ್ಟವಾಗಬಹುದು, ಉಳಿದ ಹಣದಲ್ಲಿ ಅವರು ಇನ್ನೂ ಕೆಲವು ದಿನ ಇರಬಹುದು.

ಕೋಣೆ ಕಾಯ್ದಿರಿಸುವಾಗ ಕೇಳಲೇಬೇಕಾದವು ಇವು: ಊಟದ ಮನೆಯಿಂದ ಕೋಣೆಗೆ ಎಷ್ಟು ದೂರ, ಮೆಟ್ಟಿಲುಗಳೆಷ್ಟು, ಬಿಸಿನೀರು ಇದೆಯೇ, ವಿದ್ಯುತ್ತು ದಿನವಿಡೀ ಇರುತ್ತದೆಯೇ, ರಸ್ತೆ ಕೆಟ್ಟು ನಾವು ತಲುಪಲಾಗದಿದ್ದರೆ ಹಣ ಏನಾಗುತ್ತದೆ. ಉತ್ತರವನ್ನು ಈಮೇಲಿನಲ್ಲೇ ಪಡೆಯಿರಿ, ಫೋನಿನಲ್ಲಿ ಹೇಳಿದ್ದು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯ ಹೆಜ್ಜೆ: ದಾರಿ ಮತ್ತು ಕಾಗದಪತ್ರ

ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಅಲ್ಲಿಂದ ಸಬಾದ ರಾಜಧಾನಿ ಕೋಟಾ ಕಿನಬಾಲುವಿಗೆ ಎರಡೂವರೆ ಗಂಟೆಗೆ ಸ್ವಲ್ಪ ಹೆಚ್ಚು, ಮತ್ತೆ ಅಲ್ಲಿಂದ ಸಣ್ಣ ವಿಮಾನದಲ್ಲಿ ಪೂರ್ವ ಕರಾವಳಿಯ ಲಹಾದ್ ದಾತು ಪಟ್ಟಣಕ್ಕೆ ಒಂದು ಗಂಟೆಗೆ ತುಸು ಕಡಿಮೆ. ಲಹಾದ್ ದಾತುವಿನಿಂದ ಕಾಡಿನೊಳಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ, ಬಹುಪಾಲು ಜಲ್ಲಿ ಮಣ್ಣಿನ ರಸ್ತೆ, ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ಇಟ್ಟುಕೊಳ್ಳಬೇಕು. ಇದೆಲ್ಲವನ್ನೂ ಒಂದೇ ಓಟದಲ್ಲಿ ಮುಗಿಸುತ್ತೇನೆ ಎಂದು ಹೊರಡುವುದು ತಪ್ಪು ಲೆಕ್ಕ, ಏಕೆಂದರೆ ವಸತಿಗೃಹದ ವಾಹನ ಲಹಾದ್ ದಾತುವಿನಿಂದ ಬೆಳಗಿನ ನಿಗದಿತ ಹೊತ್ತಿಗೆ ಹೊರಡುತ್ತದೆ. ಅದು ತಪ್ಪಿದರೆ ಬೇರೆ ಗಾಡಿಗೆ ಪ್ರತ್ಯೇಕ ದುಡ್ಡು, ಅದೂ ಸಿಕ್ಕರೆ.

ಹುಟ್ಟುಹಬ್ಬ ಹತ್ತನೇ ತಾರೀಖು ಎಂದುಕೊಳ್ಳಿ. ಏಳರ ರಾತ್ರಿ ಬೆಂಗಳೂರು ಬಿಟ್ಟು, ಎಂಟರ ಮಧ್ಯಾಹ್ನ ಕೋಟಾ ಕಿನಬಾಲು ಸೇರಿ, ಆ ರಾತ್ರಿ ಅಲ್ಲೇ ಚೆನ್ನಾಗಿ ನಿದ್ದೆ ಮಾಡಿ, ಒಂಬತ್ತರ ಬೆಳಗಿನ ಮೊದಲ ವಿಮಾನ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಕಾಡಿನಲ್ಲಿರುತ್ತೀರಿ. ಹತ್ತು, ಹನ್ನೊಂದು ಪೂರ್ತಿ ಕಾಡಿನಲ್ಲಿ, ಹನ್ನೆರಡರ ಬೆಳಗ್ಗೆ ವಾಪಸ್. ಹನ್ನೆರಡರ ರಾತ್ರಿ ಮತ್ತೆ ಕೋಟಾ ಕಿನಬಾಲುವಿನಲ್ಲೇ ಉಳಿಯಿರಿ. ಅದೇ ದಿನ ಕೌಲಾಲಂಪುರ, ಅದೇ ರಾತ್ರಿ ಬೆಂಗಳೂರು ಎಂದು ಟಿಕೆಟ್ ಮಾಡಿಸಿದರೆ ಸಣ್ಣ ವಿಮಾನವೊಂದು ಮೋಡದ ಕಾರಣ ರದ್ದಾದ ಕೂಡಲೇ ಉಳಿದದ್ದೆಲ್ಲ ಸಾಲಾಗಿ ಕುಸಿಯುತ್ತದೆ. ಲಹಾದ್ ದಾತುವಿನ ವಿಮಾನದಲ್ಲಿ ಜಾಗ ಸಿಗದಿದ್ದರೆ ಕೌಲಾಲಂಪುರದಿಂದ ತಾವಾವ್ ನಗರಕ್ಕೆ ದೊಡ್ಡ ವಿಮಾನಗಳಿವೆ, ಅಲ್ಲಿಂದ ಲಹಾದ್ ದಾತು ರಸ್ತೆಯಲ್ಲಿ ಎರಡೂವರೆ ಗಂಟೆಯ ಹಾದಿ.

ಟಿಕೆಟ್ಟುಗಳನ್ನು ಬೇರೆಬೇರೆಯಾಗಿ ಕೊಂಡವರು ಕೌಲಾಲಂಪುರದಲ್ಲಿ ಸಾಮಾನು ಇಳಿಸಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಅಲ್ಲಿನ ಎರಡು ಟರ್ಮಿನಲ್‌ಗಳ ನಡುವೆ ರೈಲಿನಲ್ಲಿ ಹೋಗಬೇಕು, ಕಡಿಮೆ ದರದ ವಿಮಾನಗಳು ಹೊರಡುವುದು ಸಾಮಾನ್ಯವಾಗಿ ಎರಡನೆಯ ಟರ್ಮಿನಲ್ಲಿನಿಂದ. ನಡುವೆ ನಾಲ್ಕು ಗಂಟೆಯಾದರೂ ಇರಲಿ.

ಭಾರತೀಯರಿಗೆ 2023ರ ಡಿಸೆಂಬರ್ 1ರಿಂದ ಮಲೇಷ್ಯಾದಲ್ಲಿ 30 ದಿನಗಳವರೆಗೆ ವೀಸಾ ವಿನಾಯಿತಿ ಜಾರಿಗೆ ಬಂತು. ಇಂಥ ವಿನಾಯಿತಿಗಳನ್ನು ಅವಧಿ ನಿಗದಿಪಡಿಸಿ ಕೊಡುತ್ತಾರೆ, ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಮಲೇಷ್ಯಾ ವಲಸೆ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಮಲೇಷ್ಯಾ ತಲುಪುವ ಹಿಂದಿನ ಮೂರು ದಿನಗಳೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಶುಲ್ಕ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಸಬಾ ರಾಜ್ಯಕ್ಕೆ ತನ್ನದೇ ವಲಸೆ ನಿಯಂತ್ರಣವಿರುವುದರಿಂದ ಕೌಲಾಲಂಪುರದಿಂದ ಒಳನಾಡಿನ ವಿಮಾನದಲ್ಲಿ ಬಂದರೂ ಕೋಟಾ ಕಿನಬಾಲುವಿನಲ್ಲಿ ಪಾಸ್‌ಪೋರ್ಟ್ ಮತ್ತೆ ತೋರಿಸಬೇಕು, ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿಬಿಡಬೇಡಿ.

ವಿಮೆಯ ವಿಷಯದಲ್ಲಿ ಒಂದು ಎಚ್ಚರಿಕೆ. 2013ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸ್ ಕಡೆಯಿಂದ ಶಸ್ತ್ರಧಾರಿಗಳು ಬಂದಿಳಿದು ಲಹಾದ್ ದಾತು ಜಿಲ್ಲೆಯಲ್ಲಿ ಸಂಘರ್ಷ ನಡೆಯಿತು. ಆ ಬಳಿಕ ಸಬಾದ ಪೂರ್ವ ಕರಾವಳಿಯನ್ನು ವಿಶೇಷ ಭದ್ರತಾ ವಲಯವಾಗಿ ಇಟ್ಟಿದ್ದಾರೆ. ಒಳನಾಡಿನ ಕಾಡಿನಲ್ಲಿರುವ ದಾನುಮ್‌ಗೆ ಪ್ರವಾಸಿಗರು ಹೋಗಿಬರುತ್ತಲೇ ಇದ್ದಾರೆ, ಆದರೆ ಕೆಲವು ವಿಮಾ ಪಾಲಿಸಿಗಳು ಇಂಥ ವಲಯಗಳನ್ನು ಹೊರಗಿಡುತ್ತವೆ. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಎರಡನ್ನು ಹುಡುಕಿ: ಪೂರ್ವ ಸಬಾ ಸೇರಿದೆಯೇ, ಕಾಡಿನಿಂದ ಆಸ್ಪತ್ರೆಗೆ ತುರ್ತಾಗಿ ಸಾಗಿಸುವ ಖರ್ಚು ಸೇರಿದೆಯೇ.

ನಾಲ್ಕನೆಯ ಹೆಜ್ಜೆ: ದೇಹದ ಸಿದ್ಧತೆ, ಇಂಬಳದ ಸಮೇತ

ಹೊರಡುವುದಕ್ಕೆ ಒಂದೂವರೆ ತಿಂಗಳ ಮುಂಚೆ ವೈದ್ಯರನ್ನು ಕಾಣುವುದು ಉತ್ತಮ. ಟೈಫಾಯ್ಡ್, ಧನುರ್ವಾಯು, ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ಕೇಳಿ. ಮಲೇರಿಯಾದ ಮಾತು ಸ್ವಲ್ಪ ವಿವರವಾಗಿ ಆಗಬೇಕು. ಮನುಷ್ಯರಿಂದ ಮನುಷ್ಯರಿಗೆ ಹರಡುವ ಮಾಮೂಲಿ ಮಲೇರಿಯಾ ಮಲೇಷ್ಯಾದಲ್ಲಿ ಬಹುತೇಕ ನಿಂತಿದೆ. ಆದರೆ ಮಂಗಗಳಲ್ಲಿರುವ ನೋಲೆಸಿ ಎಂಬ ಬಗೆಯ ಮಲೇರಿಯಾ ಕಾಡಿನ ಸೊಳ್ಳೆಗಳ ಮೂಲಕ ಮನುಷ್ಯರಿಗೆ ಬರುತ್ತದೆ, ಸಬಾ ಅದರ ಮುಖ್ಯ ನೆಲೆಗಳಲ್ಲೊಂದು. ಮಾತ್ರೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದನ್ನು ವಯಸ್ಸು ಮತ್ತು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧ ನೋಡಿ ವೈದ್ಯರೇ ಹೇಳಬೇಕು. ಸಂಜೆಯಾಗುತ್ತಲೇ ಉದ್ದ ತೋಳಿನ ಅಂಗಿ ಹಾಕುವುದು, ಡೀಟ್ ಇರುವ ಸೊಳ್ಳೆ ಮುಲಾಮು ಹಚ್ಚುವುದು ಎಲ್ಲರಿಗೂ ಕಡ್ಡಾಯ. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಹಚ್ಚಿದ ಕೈಯಲ್ಲೇ ಕನ್ನಡಕ, ದುರ್ಬೀನು ಮುಟ್ಟಬೇಡಿ.

ಇನ್ನು ಇಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ. ಮಲೆನಾಡಿನವರಿಗೆ ಇದನ್ನು ಪರಿಚಯಿಸುವ ಅಗತ್ಯವಿಲ್ಲ, ಬಯಲುಸೀಮೆಯವರಿಗೆ ಇದೇ ದೊಡ್ಡ ಭಯ. ದಾನುಮ್‌ನಲ್ಲಿ ಎರಡು ಬಗೆಯವು ಸಾಮಾನ್ಯ. ಕಂದು ಬಣ್ಣದ್ದು ನೆಲದ ತರಗೆಲೆಯಲ್ಲಿದ್ದು ಬೂಟಿನ ಮೇಲೆ ಹತ್ತುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹುಲಿ ಇಂಬಳ ಎನ್ನುವ ಇನ್ನೊಂದಕ್ಕೆ ಮೈಮೇಲೆ ಹಳದಿ ಕಿತ್ತಳೆ ಪಟ್ಟೆಯಿದ್ದು, ಅದು ಮಂಡಿಯಿಂದ ಸೊಂಟದೆತ್ತರದ ಎಲೆಗಳ ತುದಿಯಲ್ಲಿ ಹಿಂಭಾಗ ಅಂಟಿಸಿಕೊಂಡು, ಮುಂಭಾಗವನ್ನು ಗಾಳಿಯಲ್ಲಿ ಚಾಚಿ ನಿಂತಿರುತ್ತದೆ. ನೀವು ಹತ್ತಿರ ಬರುತ್ತಿದ್ದಂತೆ ನಿಮ್ಮ ಉಸಿರು, ಮೈಕಾವು ಹಿಡಿದು ನಿಮ್ಮತ್ತಲೇ ತಿರುಗುವುದನ್ನು ಕಣ್ಣಾರೆ ನೋಡಬಹುದು. ಇದು ಕಚ್ಚಿದರೆ ಚುರ್ರೆನ್ನುತ್ತದೆ. ಮಂಡಿಯವರೆಗೆ ಬರುವ ದಟ್ಟ ನೇಯ್ಗೆಯ ಇಂಬಳದ ಕಾಲುಚೀಲಗಳನ್ನು ವಸತಿಗೃಹದಲ್ಲೂ ಮಾರುತ್ತಾರೆ. ಪ್ಯಾಂಟಿನ ಕಾಲನ್ನು ಒಳಗೆ ಸೇರಿಸಿ ಮೇಲಿಂದ ಇದನ್ನು ಎಳೆದು ಮಂಡಿಯ ಕೆಳಗೆ ದಾರ ಬಿಗಿದು, ಆಮೇಲೆ ಬೂಟು ಹಾಕಬೇಕು. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸುವುದನ್ನು ಮರೆತರೆ ಹುಲಿ ಇಂಬಳ ಸೊಂಟದ ಹತ್ತಿರ ಸಿಗುತ್ತದೆ.

ಕಚ್ಚಿಕೊಂಡಿದ್ದರೆ ಉಪ್ಪು, ಸುಣ್ಣ, ಹೊಗೆಸೊಪ್ಪು ಎಂದು ಊರಿನ ಅಭ್ಯಾಸದಂತೆ ಹುಡುಕಬೇಡಿ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೆ ಕಾರುವ ಸಂಭವವಿದೆ. ಸಪೂರ ಇರುವ ತುದಿಯ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ಸಾಬೂನು ನೀರಿನಲ್ಲಿ ತೊಳೆದು ಪಟ್ಟಿ ಹಾಕಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುವುದರಿಂದ ಕೆಲಕಾಲ ಸೋರುತ್ತಲೇ ಇರುತ್ತದೆ, ಗಾಬರಿ ಬೇಡ. ಹೃದಯದ ತೊಂದರೆಗಾಗಿ ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿರುವವರಿಗೆ ಮಾತ್ರ ಇದು ತಮಾಷೆಯ ವಿಷಯವಲ್ಲ. ಅರವತ್ತರ ಹುಟ್ಟುಹಬ್ಬಕ್ಕೆ ಹೊರಟವರಲ್ಲಿ ಇಂಥವರು ಇದ್ದೇ ಇರುತ್ತಾರೆ. ಸೋರುವುದು ಗಂಟೆಗಟ್ಟಲೆ ಮುಂದುವರಿಯಬಹುದಾದ್ದರಿಂದ ವೈದ್ಯರಿಗೆ ಈ ಮಾತನ್ನೇ ನೇರವಾಗಿ ಕೇಳಿ, ಒತ್ತಿ ಕಟ್ಟುವ ಬ್ಯಾಂಡೇಜು ಹೆಚ್ಚಾಗಿ ಇಟ್ಟುಕೊಳ್ಳಿ. ದಿನನಿತ್ಯದ ಔಷಧಗಳನ್ನು ಮೂಲ ಪಟ್ಟಿಗಳಲ್ಲೇ, ವೈದ್ಯರ ಚೀಟಿಯ ಜೊತೆ, ಕೈಚೀಲದಲ್ಲಿ, ಒಂದು ವಾರ ಹೆಚ್ಚುವರಿಯಾಗಿ ಒಯ್ಯಬೇಕು. ಕಾಡಿನಿಂದ ಹತ್ತಿರದ ಆಸ್ಪತ್ರೆ ಲಹಾದ್ ದಾತುವಿನಲ್ಲಿ.

ಒಂದು ತಿಂಗಳ ಮುಂಚಿನಿಂದ ದಿನಕ್ಕೆ ಮುಕ್ಕಾಲು ಗಂಟೆ ನಡೆಯುವುದನ್ನೂ ಮೆಟ್ಟಿಲು ಹತ್ತಿ ಇಳಿಯುವುದನ್ನೂ ರೂಢಿ ಮಾಡಿಕೊಳ್ಳಿ. ಅಲ್ಲಿನ ಸೆಕೆಯಲ್ಲಿ ಬೆವರು ಆರುವುದಿಲ್ಲ, ಚಾಮುಂಡಿ ಬೆಟ್ಟದ ಮೆಟ್ಟಿಲು ಸಲೀಸಾಗಿ ಹತ್ತುವವರೂ ಅರ್ಧ ದಾರಿಗೆ ಕೂರಬೇಕಾಗುತ್ತದೆ.

ಐದನೆಯ ಹೆಜ್ಜೆ: ಚೀಲ

ಇಲ್ಲಿ ಹೇಳುವುದು ಹೆಚ್ಚಿಲ್ಲ. ಸಣ್ಣ ವಿಮಾನದ ತೂಕದ ಮಿತಿ ದೊಡ್ಡ ವಿಮಾನಕ್ಕಿಂತ ಕಡಿಮೆಯಿರುವುದರಿಂದ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಉಳಿದದ್ದನ್ನು ಕೋಟಾ ಕಿನಬಾಲುವಿನ ಹೋಟೆಲಿನಲ್ಲಿ ಬಿಟ್ಟು ಹೋಗಬಹುದು. ಹತ್ತಿಯ ಬಟ್ಟೆ ಅಲ್ಲಿ ಒಣಗುವುದೇ ಇಲ್ಲ, ಬೇಗ ಆರುವ ಸಿಂಥೆಟಿಕ್ ಬಟ್ಟೆ ಮೇಲು. ಹಿಡಿತವಿರುವ ಬೂಟು, ಮಳೆಯ ಅಂಗಿ, ತಲೆಗೆ ಕಟ್ಟುವ ಟಾರ್ಚು, ದುರ್ಬೀನು, ಚೌಕ ಮೂರು ಪಿನ್ನಿನ ಬ್ರಿಟಿಷ್ ಮಾದರಿಯ ಪ್ಲಗ್ ಅಡಾಪ್ಟರ್ ಇಷ್ಟು ಮರೆಯಬಾರದವು. ಕ್ಯಾಮೆರಾವನ್ನು ಏಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಲೆನ್ಸಿನ ಮೇಲೆ ಹನಿಗಟ್ಟುತ್ತದೆ, ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ. ಹುಟ್ಟುಹಬ್ಬಕ್ಕೆಂದು ಮೈಸೂರು ರೇಷ್ಮೆ ಉಡುವ ಆಸೆಯಿದ್ದರೆ ಕೋಟಾ ಕಿನಬಾಲುವಿನ ರಾತ್ರಿ ಉಟ್ಟು ಫೋಟೋ ತೆಗೆಸಿಕೊಳ್ಳಿ. ಕಾಡಿನ ತೇವಕ್ಕೆ ರೇಷ್ಮೆ ಒಡ್ಡುವುದು ಸೀರೆಗೆ ಮಾಡುವ ಅನ್ಯಾಯ.

ಆರನೆಯ ಹೆಜ್ಜೆ: ಊಟ, ಕೇಕು, ದೀಪ

ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಹೇಳಿಬಿಡಬೇಕು, ತಲುಪಿದ ಮೇಲೆ ಮತ್ತೊಮ್ಮೆ ಅಡುಗೆಯವರಿಗೆ ಹೇಳಬೇಕು. ಏಕೆಂದರೆ ಅಲ್ಲಿನ ತರಕಾರಿ ಪಲ್ಯದಲ್ಲೂ ಬೆಲಚಾನ್ ಎಂಬ ಸಿಗಡಿಯ ಗಸಿ ಅಥವಾ ಇಕಾನ್ ಬಿಲಿಸ್ ಎಂಬ ಒಣಮೀನು ಸೇರಿರುವುದು ಮಾಮೂಲು. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮಾಂಸದ ತುಂಡು ಇಲ್ಲದ್ದು ಎಂದು ಅರ್ಥಮಾಡಿಕೊಳ್ಳುವವರೂ ಇದ್ದಾರೆ. ಮಲಯ ಭಾಷೆಯಲ್ಲಿ ‘ಸಾಯಾ ತಾ ಮಾಕಾನ್ ದಾಗಿಂಗ್, ಇಕಾನ್, ಉದಾಂಗ್, ತೆಲೂರ್’ ಎಂದರೆ ಮಾಂಸ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ ಎಂದಾಗುತ್ತದೆ. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿದರೆ ಸಾಕು. ಅಮ್ಮನಿಗೆ ಈರುಳ್ಳಿ ಬೆಳ್ಳುಳ್ಳಿಯೂ ಆಗುವುದಿಲ್ಲವೆಂದರೆ ಅನ್ನ, ಹಣ್ಣು, ಮೊಸರಿನ ಜೊತೆಗೆ ಮನೆಯಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯುವುದೇ ನೆಮ್ಮದಿ.

ಕೇಕು ಬೇಕಿದ್ದರೆ ಕನಿಷ್ಠ ಎರಡು ವಾರ ಮುಂಚೆ ಬರೆಯಿರಿ. ಕಾಡಿನ ಅಡುಗೆಮನೆಗೆ ಸಾಮಾನು ಬರುವುದೂ ನೀವು ಬರುವ ಅದೇ ಮಣ್ಣಿನ ರಸ್ತೆಯಲ್ಲೇ. ಮೊಟ್ಟೆ ಇಲ್ಲದ್ದು ಆಗಬೇಕೆಂದರೆ ಪ್ರತ್ಯೇಕವಾಗಿ ನಮೂದಿಸಬೇಕು, ಆಗದು ಎಂಬ ಉತ್ತರ ಬಂದರೆ ಬಾಳೆಹಣ್ಣಿನ ಪಕೋಡ ಕೇಳಿ. ಪಿಸಾಂಗ್ ಗೋರೆಂಗ್ ಎನ್ನುವ ಅದು ನಮ್ಮ ಬಾಳೆಹಣ್ಣಿನ ಪೋಡಿಯ ಹತ್ತಿರದ ನಂಟ, ಕೇಕಿಗಿಂತ ರುಚಿ. ಮನೆಯಿಂದ ಸಿಹಿ ಒಯ್ಯುವವರು ಖೋವಾದ್ದನ್ನು ಬಿಟ್ಟು ಚಿಕ್ಕಿ, ಕಡಲೆಹಿಟ್ಟಿನ ಲಾಡಿನಂಥವನ್ನು ಬಿಗಿ ಡಬ್ಬದಲ್ಲಿ ಒಯ್ಯಲಿ. ಕೋಣೆಯಲ್ಲಿ ತೆರೆದಿಟ್ಟರೆ ಇರುವೆ, ಇಲಿ, ಅಳಿಲುಗಳಿಗೆ ಹಬ್ಬ.

ಆರತಿ ಮಾಡುವ ಮನಸ್ಸಿದ್ದರೆ ಊಟದ ಮನೆಯಲ್ಲಿ, ಅಲ್ಲಿನವರ ಒಪ್ಪಿಗೆ ಪಡೆದು, ಒಂದು ಸಣ್ಣ ದೀಪ ಹಚ್ಚಬಹುದು. ಬೆಂಕಿಪೊಟ್ಟಣವನ್ನು ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೊರಡಬೇಡಿ, ವಿಮಾನದ ಸಾಮಾನಿನಲ್ಲಿ ಅದಕ್ಕೆ ನಿಷೇಧವಿದೆ. ಬಲೂನು, ಮಿನುಗು ಕಾಗದ, ಧ್ವನಿವರ್ಧಕ ಮೂರೂ ಬೇಡವೇ ಬೇಡ. ಒಡೆದ ಬಲೂನಿನ ಚೂರು ಕಾಡಿನಲ್ಲಿ ಯಾವುದಾದರೂ ಪ್ರಾಣಿಯ ಹೊಟ್ಟೆಗೇ ಹೋಗುತ್ತದೆ.

ಹುಟ್ಟುಹಬ್ಬದ ಬೆಳಗ್ಗೆ ಆರಕ್ಕೇ ಶುರುವಾಗುವ ಬಂಧುಗಳ ಫೋನಿನ ಬಗ್ಗೆಯೂ ಯೋಚಿಸಬೇಕು. ಕಾಡಿನಲ್ಲಿ ಮೊಬೈಲ್ ಸಂಪರ್ಕ ನೆಚ್ಚುವಂಥದ್ದಲ್ಲ. ಎಂಟರ ರಾತ್ರಿ ಕೋಟಾ ಕಿನಬಾಲುವಿನಿಂದಲೇ ದೊಡ್ಡಮ್ಮ, ಚಿಕ್ಕಪ್ಪ, ಅತ್ತೆಯರಿಗೆಲ್ಲ ಫೋನು ಮಾಡಿ ಆಶೀರ್ವಾದ ಪಡೆದು, ನಾಲ್ಕು ದಿನ ಸಿಗುವುದಿಲ್ಲ ಎಂದು ತಿಳಿಸಿಬಿಡಿ. ಇಲ್ಲವಾದರೆ ಹತ್ತನೇ ತಾರೀಖು ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಯಾರೋ ಒಬ್ಬರು ಗಾಬರಿ ಬಿದ್ದಿರುತ್ತಾರೆ.

ಏಳನೆಯ ಹೆಜ್ಜೆ: ಆ ದಿನ

ತಲುಪಿದ ಮಧ್ಯಾಹ್ನವೇ ಮಾರ್ಗದರ್ಶಿಯ ಪರಿಚಯವಾಗುತ್ತದೆ. ಇಡೀ ವಾಸಕ್ಕೆ ಬಹುತೇಕ ಒಬ್ಬರೇ ಜೊತೆಗಿರುವುದರಿಂದ ಅವರಿಗೆ ಮೊದಲ ಸಂಜೆಯೇ ಮೂರು ವಿಷಯ ತಿಳಿಸಿ: ಯಾರ ಹುಟ್ಟುಹಬ್ಬ, ಯಾವ ದಿನ, ಅವರು ಎಷ್ಟು ದೂರ ನಡೆಯಬಲ್ಲರು. ವಯಸ್ಸಾದವರು ಗುಂಪಿನ ಮುಂದೆ ಸಂಕೋಚಪಟ್ಟು ‘ನಡೀತೀನಿ, ನಡೀತೀನಿ’ ಎನ್ನುತ್ತಾರೆ, ಅದನ್ನು ನಂಬದೆ ಮಕ್ಕಳೇ ನಿಜ ಹೇಳಬೇಕು.

ಸೂರ್ಯೋದಯ ಆರರ ಆಸುಪಾಸು. ಅದಕ್ಕೂ ಮುಂಚೆ ಎದ್ದು ಮರಗಳ ನಡುವೆ ನೆಲದಿಂದ 25 ಮೀಟರಿಗೂ ಎತ್ತರದಲ್ಲಿ ಕಟ್ಟಿರುವ ತೂಗುಹಾದಿಗೆ ಹೋಗುವುದು ಆ ದಿನದ ಅತ್ಯುತ್ತಮ ಆರಂಭ. ಕಣಿವೆಯಲ್ಲಿ ಮಂಜು ನಿಂತಿರುವಾಗಲೇ ಬಾಲವಿಲ್ಲದ ಸಣ್ಣ ವಾನರಗಳಾದ ಗಿಬ್ಬನ್‌ಗಳ ಕೂಗು ಶುರುವಾಗುತ್ತದೆ. ಒಂದೊಂದೇ ಸ್ವರವಾಗಿ ಹೊರಟು, ವೇಗ ಹೆಚ್ಚಿ, ಒಮ್ಮೆಲೇ ಮೇಲೆ ಉಕ್ಕಿ ನಿಲ್ಲುವ ಹೆಣ್ಣು ಗಿಬ್ಬನ್‌ನ ಆ ಕೂಗು ಒಂದು ಕಿಲೋಮೀಟರಿನಾಚೆಗೂ ಕೇಳುತ್ತದೆ. ಎತ್ತರದ ಭಯವಿರುವವರು ತೂಗುಹಾದಿಯ ಮೊದಲ ಅಟ್ಟದಲ್ಲೇ ನಿಂತು ಕೇಳಿದರೂ ನಷ್ಟವಿಲ್ಲ. ರೈನೊಸರಸ್ ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದರೆ ರೆಕ್ಕೆಯ ಸದ್ದು ಕೇಳಿ ತಲೆಯೆತ್ತುವಿರಿ. ದಾಂಡೇಲಿಯಲ್ಲಿ ಮಂಗಟ್ಟೆ ನೋಡಿದವರಿಗೆ ಆ ಸದ್ದು ಹೊಸದಲ್ಲ.

ಒರಾಂಗುಟಾನ್ ಕಾಣಿಸುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಹಣ್ಣಿದ್ದಲ್ಲಿ ಅದು ಇರುತ್ತದೆ, ಅದರಲ್ಲೂ ಆಲ, ಅತ್ತಿಯ ಜಾತಿಯ ಮರಗಳು ಹಣ್ಣು ಬಿಟ್ಟಾಗ ದಿನಗಟ್ಟಲೆ ಅಲ್ಲೇ ಕೂತಿರುತ್ತದೆ. ಯಾವ ಮರ ಹಣ್ಣಾಗಿದೆ ಎಂಬುದು ಮಾರ್ಗದರ್ಶಿಗಳಿಗೆ ಗೊತ್ತಿರುತ್ತದೆ. ಬಹಳ ಜನ ನೋಡುತ್ತಾರೆ, ಆದರೆ ‘ಅಪ್ಪನ ಹುಟ್ಟುಹಬ್ಬದ ದಿನ ತೋರಿಸಿ’ ಎಂದು ಒತ್ತಾಯಿಸುವುದರಲ್ಲಿ ಅರ್ಥವಿಲ್ಲ. ಆನೆ ಅಪರೂಪಕ್ಕೆ, ಮೋಡ ಚಿರತೆ ಅದಕ್ಕಿಂತ ಅಪರೂಪಕ್ಕೆ. ಖಡ್ಗಮೃಗ ಇನ್ನಿಲ್ಲ. 2014ರಲ್ಲಿ ಇದೇ ದಾನುಮ್‌ನಲ್ಲಿ ಹಿಡಿದು ಸಂತಾನವೃದ್ಧಿಗೆಂದು ಸಾಕಿದ ಇಮಾನ್ ಎಂಬ ಹೆಣ್ಣು 2019ರ ನವೆಂಬರಿನಲ್ಲಿ ತೀರಿಕೊಂಡಿತು, ಅದರೊಂದಿಗೆ ಮಲೇಷ್ಯಾದ ಸುಮಾತ್ರಾ ಖಡ್ಗಮೃಗಗಳ ಕತೆ ಮುಗಿಯಿತು. ಒರಾಂಗುಟಾನ್ ಕಂಡಾಗ ದೂರವೇ ನಿಲ್ಲಬೇಕು, ನೆಗಡಿ ಕೆಮ್ಮಿದ್ದವರು ಮುಖಗವಸು ಹಾಕಬೇಕು, ಏಕೆಂದರೆ ನಮ್ಮ ಶೀತಜ್ವರ ಅದಕ್ಕೂ ಅಂಟುತ್ತದೆ.

ವಸತಿಗೃಹದ ಹತ್ತಿರದ ಏರುಹಾದಿಯೊಂದು ಬಂಡೆಯ ಸಂದಿನಲ್ಲಿ ಹಳೆಯ ಬುಡಕಟ್ಟಿನವರ ಮರದ ಶವಪೆಟ್ಟಿಗೆ ಉಳಿದಿರುವ ಜಾಗದ ಮೂಲಕ ಹೋಗಿ, ಕಣಿವೆಯ ಒಳ್ಳೆಯ ನೋಟವಿರುವ ತಾಣಕ್ಕೆ ಮುಟ್ಟುತ್ತದೆ. ನೋಡಬೇಕಾದದ್ದೇ ಹೌದು. ಆದರೆ ಹುಟ್ಟುಹಬ್ಬದ ಬೆಳಗ್ಗೆ ಹಿರಿಯರನ್ನು ಅಸ್ಥಿಯ ಮುಂದೆ ನಿಲ್ಲಿಸುವುದು ನಮ್ಮ ಕಡೆಯವರಿಗೆ ಹಿಡಿಸುವುದಿಲ್ಲ. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಬೆಳಗಿನ ತೂಗುಹಾದಿ, ಮಧ್ಯಾಹ್ನ ನದಿಯ ಪಕ್ಕ ಕುರ್ಚಿ ಹಾಕಿ ಸುಮ್ಮನೆ ಕೂರುವುದು, ರಾತ್ರಿ ತೆರೆದ ಗಾಡಿಯಲ್ಲಿ ಟಾರ್ಚು ಹಾಯಿಸುತ್ತ ಹಾರುವ ಅಳಿಲು, ಪುನುಗು, ಬರ್ಕ ನೋಡುವುದು, ಆ ದಿನಕ್ಕೆ ಇಷ್ಟು ಸಾಕು. ಇದರಲ್ಲಿ ಮಳೆಗೆ ಯಾವುದಾದರೂ ತಪ್ಪಿಹೋದರೆ ಹನ್ನೊಂದನೇ ತಾರೀಖು ಇದ್ದೇ ಇದೆ.

ವಾಪಸಾದ ಮೇಲೆ

ಮಾರ್ಗದರ್ಶಿಗೂ ಚಾಲಕರಿಗೂ ಕೊಡುವ ಭಕ್ಷೀಸನ್ನು ರಿಂಗಿಟ್ ನೋಟುಗಳಲ್ಲಿ ಮೊದಲೇ ಎತ್ತಿಟ್ಟುಕೊಳ್ಳಿ, ಕಾಡಿನಲ್ಲಿ ಎಟಿಎಂ ಇಲ್ಲ. ಬೂಟಿನ ಮಣ್ಣನ್ನು ಹೊರಡುವ ಮುನ್ನ ಅಲ್ಲೇ ತೊಳೆದು, ಕಾಲುಚೀಲಗಳನ್ನು ಒಮ್ಮೆ ಒಳಹೊರಗು ಮಾಡಿ ಝಾಡಿಸಿ ಮಡಿಸಿ.

ಊರಿಗೆ ಬಂದ ಮೇಲಿನ ನಾಲ್ಕು ವಾರಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಡೋಲೋ ನುಂಗಿ ಕಾಯುತ್ತ ಕೂರಬೇಡಿ. ನೋಲೆಸಿ ಮಲೇರಿಯಾದ ಪರಾವಲಂಬಿ 24 ಗಂಟೆಗೊಮ್ಮೆ ಬರೀ ಎರಡು ಪಟ್ಟಲ್ಲ, ಹಲವು ಪಟ್ಟು ಹೆಚ್ಚುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದು ಬೇರೆ ಬಗೆಯ ಮಲೇರಿಯಾದಂತೆ ಕಾಣುವುದರಿಂದ ತಪ್ಪಾಗಿ ಗುರುತಿಸುವ ಸಂಭವವೂ ಇದೆ. ಡೆಂಗಿ, ಇಲಿಜ್ವರಗಳ ಸಾಧ್ಯತೆಯೂ ಇದ್ದೇ ಇರುತ್ತದೆ. ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಬೋರ್ನಿಯೋದ ಕಾಡಿನಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇದ್ದೆವು, ಅಲ್ಲಿ ಮಂಗನ ಮಲೇರಿಯಾ ಇದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಮರುದಿನ ಮತ್ತೆ ಪರೀಕ್ಷಿಸಲು ಕೇಳಿ.